ಚಾಕಚಕ್ಯವೂ ನನ್ನ ಎಡಗಣ್ಣೂ

ಎಲೆ ಅಡಿಕೆ ಮೆಲ್ಲುವವನಿಗೆ, ನಶ್ಯ ಏರಿಸುವವನಿಗೆ, ಇಸ್ಪೀಟು ಆಡುವವನಿಗೆ ತನಗೊಂದು ಚಟವಿದೆ ಎಂಬುದು ಗೊತ್ತಿರುತ್ತದೆ. ಮನೆಯವರು ಬೈಯುತ್ತಾರೆ, ಅವನೂ ನಡುನಡುವೆ ನಾಳೆಯಿಂದ ಬಿಡುತ್ತೇನೆ ಎಂದು ಆಣೆ ಮಾಡುತ್ತಾನೆ. ಶಬ್ದಗಳ ಚಟ ಹಿಡಿದವನ ಪಾಡು ಹಾಗಲ್ಲ. ಅವನನ್ನು ಯಾರೂ ಬೈಯುವುದಿಲ್ಲ. ತಿಳಿದವರು ಎನ್ನುತ್ತಾರೆ, ಸಭೆಗೆ ಕರೆಯುತ್ತಾರೆ, ಒಮ್ಮೊಮ್ಮೆ ಹಾರವನ್ನೂ ಹಾಕುತ್ತಾರೆ. ಹೀಗಾಗಿ ರೋಗ ವಾಸಿಯಾಗುವ ಪ್ರಸಂಗವೇ ಬರುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಹೊಟ್ಟೆ ಹೊರೆದವನು. ಅಪರೂಪದ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಅಂದು ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ನನ್ನ ಹೆಂಡತಿ ನೀಲವ್ವ ಇದನ್ನು ಮೊದಮೊದಲು ಒಳ್ಳೆಯ ಗುಣವೆಂದು ತಿಳಿದಿದ್ದಳು. ಊಟಕ್ಕೆ ಹೆಸರಿಡದ ಗಂಡ ಎಲ್ಲರಿಗೂ ಸಿಗುವುದಿಲ್ಲವಲ್ಲ. ಅಂಥ ಒಂದು ಶಬ್ದ ನನ್ನ ಎಡಗಣ್ಣನ್ನು ತಿಂದಿತು ಎಂದರೆ ನೀವು ನಂಬಲಾರಿರಿ. ತಿಂದಿತು ಎನ್ನುವುದು ಕೊಂಚ ಅತಿಯಾಯಿತೇನೋ. ಕಣ್ಣು ಎದ್ದು ಹೋಗುತ್ತಿದ್ದಾಗ ಆ ಶಬ್ದ ನನ್ನನ್ನು ಮಾತಿಗೆ ಹಚ್ಚಿ ಕೂಡಿಸಿಕೊಂಡಿತ್ತು ಎನ್ನುವುದು ಹೆಚ್ಚು ಸರಿ.

ಆಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ನಾನು ಹಾನಗಲ್ಲಿನಲ್ಲಿದ್ದೆ. ಶಾಲೆಯ ತಪಾಸಣೆಗೆ ಬಂದ ಸಾಹೇಬರೊಬ್ಬರು ನನ್ನ ತಾಸಿಗೆ ಬಂದು ಹಿಂದಿನ ಬಾಕಿನ ಮೇಲೆ ಕೂತು, ಅರ್ಧ ತಾಸು ಕೇಳಿ, ಅದರಲ್ಲಿ ಕಾಲು ತಾಸು ತೂಕಡಿಸಿ, ಸಂಜೆಯ ಸಭೆಯಲ್ಲಿ ಎಲ್ಲರ ಎದುರಿಗೆ ನನ್ನ ಬೋಧನೆಯ ಚಾಕಚಕ್ಯತೆಯನ್ನು ಹೊಗಳಿದರು. ನಾನು ತಲೆ ತಗ್ಗಿಸಿ ನಾಚಿಕೊಂಡೆ. ತಗ್ಗಿಸಿದ ತಲೆಯನ್ನು ಎಷ್ಟು ಹೊತ್ತಿಗೆ ಎತ್ತಿದರೆ ವಿನಯವೆನಿಸುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಭೀಮಾಶಾಸ್ತ್ರಿಗಳು ನನ್ನ ಕಿವಿಯ ಹತ್ತಿರ ಬಾಗಿದರು. ಶಾಸ್ತ್ರಿಗಳು ನಮ್ಮ ಶಾಲೆಯ ಸಂಸ್ಕೃತದ ಪಂಡಿತರು. ಕೆಂಪು ಪೇಟ, ಮುಚ್ಚಿದ ಕೊರಳಿನ ಕೋಟು, ಅದರ ಮೇಲೆ ಉಪರಣೆ. ಕನ್ನಡವೆಂದರೆ ಸಂಸ್ಕೃತ ಓದಲಾಗದವರಿಗೆ ಸರಕಾರ ಮಾಡಿಕೊಟ್ಟ ಸವಲತ್ತು ಎಂದು ತಿಳಿದವರು.

“ಮಾಸ್ತರ, ಸಾಹೇಬರು ನಿಮ್ಮನ್ನ ಹೊಗಳ್ಯಾರೋ ಬೈದಾರೋ, ಮನೀಗೆ ಹೋಗಿ ವಿಚಾರ ಮಾಡ್ರಿ,” ಎಂದರು.

ಮರುದಿನ ಅವರು ವಿವರಿಸಿದ್ದು ಹೀಗೆ. ಚಾಕಚಕ್ಯ ಎಂದರೆ ಜಾಣತನವಲ್ಲ, ಕೌಶಲವಲ್ಲ. ಥಳಕು. ಬಿಸಿಲಿನಲ್ಲಿ ಬಿದ್ದ ಚಿಪ್ಪು ದೂರದಿಂದ ಬೆಳ್ಳಿಯಂತೆ ಕಾಣುತ್ತದೆ. ಬೆಳ್ಳಿ ಎಂದು ಓಡಿ ಹೋದವನು ಬಗ್ಗಿ ನೋಡಿದರೆ ಚಿಪ್ಪು. ಅವನನ್ನು ಓಡಿಸಿದ ಆ ಹೊಳಪಿದೆಯಲ್ಲ, ಅದು ಚಾಕಚಕ್ಯ. ವೇದಾಂತಿಗಳು ಜಗತ್ತು ಹೇಗೆ ನಮ್ಮನ್ನು ಮೋಸಗೊಳಿಸುತ್ತದೆ ಎಂದು ಹೇಳಲು ಈ ದೃಷ್ಟಾಂತವನ್ನು ಶತಮಾನಗಳಿಂದ ಸವೆಸಿದ್ದಾರೆ. ಇನ್ನು ಶಬ್ದದ ಹುಟ್ಟನ್ನು ನೋಡಿದರೆ, ನಾವು ನೀವು ಆಡುವ ಚಕಚಕವೇ ಅದು. ಬರಿಮೈಯಲ್ಲಿ ಓಡಾಡುತ್ತಿದ್ದ ಚಕಚಕನನ್ನು ಹಿಡಿದು ಧೋತರ ಉಡಿಸಿ ಉಪರಣೆ ಹೊದಿಸಿ ಚಾಕಚಕ್ಯ ಎಂದು ಹೆಸರಿಟ್ಟಿದ್ದಾರೆ. ಅದರ ಮೇಲೆ ಕನ್ನಡದವರು ಒಂದು ‘ತೆ’ ಹಚ್ಚಿ ಚಾಕಚಕ್ಯತೆ ಮಾಡಿರುವುದು ಪೇಟದ ಮೇಲೆ ಇನ್ನೊಂದು ಪೇಟ ಸುತ್ತಿದಂತೆ. ಇಷ್ಟು ಹೇಳಿ ಶಾಸ್ತ್ರಿಗಳು ತಮ್ಮ ಒಂದೇ ಪೇಟವನ್ನು ಸರಿಪಡಿಸಿಕೊಂಡು ಎದ್ದು ಹೋದರು. ಒಟ್ಟಿನಲ್ಲಿ ನಾನು ಬೆಳ್ಳಿಯಲ್ಲ, ಚಿಪ್ಪು ಎಂದಾಯಿತು.

ಅವಮಾನ ತೀರಿಸಿಕೊಳ್ಳಲು ಬೇರೆಯವರು ಬಡಿಗೆ ಹಿಡಿಯುತ್ತಾರೆ, ನಾನು ಪುಸ್ತಕ ಹಿಡಿದೆ. ಆ ಶಬ್ದಕ್ಕೆ ಕನ್ನಡದಲ್ಲಿ ಗೌರವದ ಸ್ಥಾನವಿದೆ ಎಂದು ತೋರಿಸಿ ಶಾಸ್ತ್ರಿಗಳ ಬಾಯಿ ಕಟ್ಟಬೇಕೆಂದು ಶಾಲೆಯ ಕಪಾಟಿನಲ್ಲಿದ್ದ ಕಾವ್ಯಗಳನ್ನೆಲ್ಲ ಜಾಲಾಡಿದೆ. ಕವಿಗಳ ಹತ್ತಿರ ಬೆಳಕಿಗೇನು ಬರಗಾಲವೇ! ನಕ್ಷತ್ರಕ್ಕೆ ಮಿನುಗು ಇಟ್ಟಿದ್ದಾರೆ, ಹಾವಿನ ಮೈಗೆ ಮಿರುಗು, ತಿಕ್ಕಿದ ತಂಬಿಗೆಗೆ ಥಳಥಳ, ಮಸೆದ ಕತ್ತಿಗೆ ಫಳಫಳ, ಜರತಾರಿ ಸೆರಗಿಗೆ ಝಗಝಗ, ರಾಜರ ಕಿರೀಟಕ್ಕೆ ತೊಳಗು, ನೋಡಿದವರ ಕಣ್ಣು ಮುಚ್ಚಿಸುವುದಕ್ಕೆ ಕೋರೈಸು. ಆದರೆ ಚಾಕಚಕ್ಯವನ್ನು ಮಾತ್ರ ಯಾರೂ ಕೈಯಿಂದ ಮುಟ್ಟಿದಂತೆ ಕಾಣಲಿಲ್ಲ. ಅದು ಸಿಕ್ಕಿದ್ದು ವರ್ತಮಾನ ಪತ್ರಿಕೆಗಳಲ್ಲಿ, ಮಂತ್ರಿಗಳ ಆಡಳಿತ, ಆಟಗಾರರ ಕಾಲು, ವಕೀಲರ ನಾಲಿಗೆ ಇವುಗಳ ಸಂಬಂಧದಲ್ಲಿ. ನನಗೆ ನಿರಾಸೆಯಾಗಲಿಲ್ಲ. ಯಾವ ಕವಿಯೂ ಮುಟ್ಟದ ಶಬ್ದವೆಂದರೆ ಅದು ನನಗಾಗಿಯೇ ಕಾದಿದೆ ಎಂದು ಅರ್ಥ. ಉಳಿದೆಲ್ಲ ಹೊಳಪುಗಳೂ ಒಂದೇ ಸಮನೆ ಇರುವಂಥವು, ಚಾಕಚಕ್ಯ ಹಾಗಲ್ಲ, ಅದು ಇದ್ದು ಇಲ್ಲವಾಗುವ, ಇಲ್ಲದ್ದು ಇದ್ದಂತಾಗುವ ಬೆಳಕು ಎಂದು ಒಂದು ಸಿದ್ಧಾಂತವನ್ನು ಕಟ್ಟಿದೆ. ಅದನ್ನು ಬೆಳೆಸಲು ದಿನಾ ಸಂಜೆ ಆನೆಕೆರೆಯ ಏರಿಯ ಮೇಲೆ ಕೂತು ನೀರಿನ ಮೇಲಿನ ಬಿಸಿಲನ್ನು ನೋಡುತ್ತಿದ್ದೆ. ಸವಣೂರಿನಲ್ಲಿ ಕೆಲವು ಸಾಹಿತ್ಯಪ್ರೇಮಿಗಳು ಗೋಷ್ಠಿಯೊಂದನ್ನು ಕೂಡಿಸುವವರಿದ್ದರು. ಅಲ್ಲಿ ಪ್ರಬಂಧ ಓದುತ್ತೇನೆಂದು ಒಪ್ಪಿಕೊಂಡೆ. ಶಾಸ್ತ್ರಿಗಳನ್ನೂ ಕರೆದಿದ್ದಾರೆಂದು ಕೇಳಿ ಇನ್ನಷ್ಟು ಹುರುಪು ಬಂತು.

ಅದೇ ದಿನಗಳಲ್ಲಿ ಆ ಬೆಳಕು ತಾನಾಗಿಯೇ ನನ್ನ ಮನೆಗೆ ಬಂತು.

ಒಂದು ಸಂಜೆ ಕೈಕಾಲು ತೊಳೆದು ಬಚ್ಚಲಿನಿಂದ ಹೊರಗೆ ಬರುತ್ತಿದ್ದೆ. ಎಡಗಣ್ಣಿನ ಹೊರಮೂಲೆಯಲ್ಲಿ ಏನೋ ಹೊಳೆಯಿತು. ತಿರುಗಿ ನೋಡಿದೆ, ಏನೂ ಇಲ್ಲ. ಮತ್ತೆ ಹೊಳೆಯಿತು. ಬೆಳ್ಳಿಯ ತಂತಿಯೊಂದನ್ನು ಯಾರೋ ಬಾಗಿಸಿ ಬಿಟ್ಟಂತೆ ಒಂದು ಕಮಾನು, ಕಂಡಿತು ಎನ್ನುವಷ್ಟರಲ್ಲಿ ಇಲ್ಲ. ಕಣ್ಣು ಮುಚ್ಚಿದರೂ ಕಂಡಿತು. ನನಗೆ ಮೈ ಜುಮ್ಮೆಂದಿತು. ಹೆದರಿಕೆಯಿಂದಲ್ಲ, ಸಂತೋಷದಿಂದ. ಇದ್ದು ಇಲ್ಲವಾಗುವ ಬೆಳಕು! ಜಗತ್ತಿನಲ್ಲಿ ಯಾವ ಪಂಡಿತನಿಗೂ ತಾನು ವಿಚಾರ ಮಾಡುತ್ತಿದ್ದ ಶಬ್ದದ ಅರ್ಥ ಹೀಗೆ ಕಣ್ಣೊಳಗೇ ಬಂದು ದರ್ಶನ ಕೊಟ್ಟಿರಲಾರದು ಎನ್ನಿಸಿತು. ನಾಲ್ಕು ದಿನ ಅದನ್ನು ನಾನೊಬ್ಬನೇ ಅನುಭವಿಸಿದೆ. ಮಬ್ಬುಗತ್ತಲಿನ ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆಂದು ಗೊತ್ತಾದ ಮೇಲೆ ಹಗಲಿನಲ್ಲೂ ಕಿಟಕಿ ಮುಚ್ಚಿ ಕೂಡತೊಡಗಿದೆ. ಕಣ್ಣನ್ನು ಆಚೆ ಈಚೆ ಹೊರಳಿಸಿದರೆ ಅದು ಬರುತ್ತದೆ ಎಂಬುದನ್ನೂ ಕಂಡುಕೊಂಡು, ಬೇಕಾದಾಗ ಬರಿಸಿಕೊಳ್ಳುವುದನ್ನು ಕಲಿತೆ.

ನೀಲವ್ವ ನೋಡಿ ಏನು ನಡೆದಿದೆ ಎಂದು ಕೇಳಿದಳು. ಹೇಳಿದೆ. ಅವಳ ಮುಖದಲ್ಲಿ ನಾನು ಬಯಸಿದ ಆಶ್ಚರ್ಯ ಕಾಣಲಿಲ್ಲ. “ದೀಪ ಇಲ್ಲದ ಬೆಳಕ ಕಾಣಬಾರದ್ರಿ,” ಎಂದಳು. ಅಷ್ಟೇ ಹೇಳಿ ಒಳಗೆ ಹೋಗಿ ಹರಳೆಣ್ಣೆ ಕಾಯಿಸಿ ತಂದು ನನ್ನ ನೆತ್ತಿಗೆ ತಟ್ಟಿದಳು. ಎಣ್ಣೆ ತಟ್ಟಿಸಿಕೊಳ್ಳುವಾಗಲೂ ನಾನು ಬೆಳಕಿಗೆ ಉಪಮೆ ಹುಡುಕುತ್ತಿದ್ದೆ.

ಶಾಸ್ತ್ರಿಗಳಿಗೆ ಹೇಳದೆ ಇರಲು ನನ್ನಿಂದಾಗಲಿಲ್ಲ. ನೀವು ಓದಿದ್ದನ್ನು ನಾನು ಕಂಡಿದ್ದೇನೆ ಎಂದು ಹೇಳುವ ಸುಖವನ್ನು ಯಾರು ಬಿಟ್ಟಾರು? ಶಾಲೆಯ ಕಟ್ಟೆಯ ಮೇಲೆ ಕೂತು ಕಮಾನಿನ ಬಣ್ಣ, ಬಾಗು, ಬಂದು ಹೋಗುವ ರೀತಿ ಎಲ್ಲ ವರ್ಣಿಸಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ತುಸು ಕೊಂಕಿನಿಂದಲೇ ಹೇಳಿದರು: “ಚಿಪ್ಪು ಬೆಳ್ಳಿ ಹಂಗ ಕಾಣಲಿಕ್ಕೆ ಶಾಸ್ತ್ರದಾಗ ಬರೇ ಚಾಕಚಕ್ಯ ಒಂದ ಹೇಳಿಲ್ಲ, ಮಾಸ್ತರ. ಅದಕ್ಕಿಂತ ಮೊದಲ ನೋಡವನ ಕಣ್ಣಿನ ದೋಷ ಹೇಳ್ಯಾರ. ನಿಮ್ಮ ಹತ್ರ ಚಿಪ್ಪೂ ಇಲ್ಲ, ಬೆಳ್ಳೀನೂ ಇಲ್ಲ. ಉಳದದ್ದು ದೋಷ ಒಂದ. ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಸ್ರಿ.”

ಸುತ್ತ ಕೂತಿದ್ದ ಮಾಸ್ತರರು ನಕ್ಕರು. ನಾನೂ ನಕ್ಕೆ, ಆದರೆ ಒಳಗೇ ಉರಿದೆ. ವಾದದಲ್ಲಿ ಸೋಲುತ್ತಿರುವವನು ಎದುರಾಳಿಯ ಕಣ್ಣಿಗೇ ದೋಷ ಹಚ್ಚುತ್ತಾನೆ ಎಂದು ಪ್ರಬಂಧಕ್ಕೆ ಒಂದು ಹೊಸ ವಾಕ್ಯ ಸೇರಿಸಿದೆ. ಹುಬ್ಬಳ್ಳಿಗೆ ಹೋಗಲಿಲ್ಲ. ಬರುವ ವಾರ ಗೋಷ್ಠಿ ಇತ್ತು. ಅಷ್ಟರಲ್ಲಿ ಎಡಗಣ್ಣಿನಲ್ಲಿ ಒಲೆಯ ಮಸಿ ಉದುರಿದಂತೆ ಕಪ್ಪು ಕಣಗಳು ತೇಲತೊಡಗಿದ್ದವು. ಚಾಳೀಸಿನ ಗಾಜಿಗೆ ಧೂಳು ಹತ್ತಿದೆಯೆಂದು ಧೋತರದ ಚುಂಗಿನಿಂದ ಒರೆಸಿ ಒರೆಸಿ ಹಾಕಿಕೊಂಡೆ.

ಗೋಷ್ಠಿಯ ದಿನ ನೀಲವ್ವನೂ ನಮ್ಮ ಸಣ್ಣ ಮಗಳೂ ನನ್ನ ಜೊತೆ ಬಸ್ಸಿಗೆ ಬಂದರು. ಶಿಗ್ಗಾಂವಿ ಅವಳ ತವರು. ಅವರನ್ನು ಅಲ್ಲಿ ಇಳಿಸಿ ನಾನು ಸವಣೂರಿಗೆ ಹೋದೆ. ಸಭೆ ಸೇರಿದ್ದು ಒಂದು ಕನ್ನಡ ಶಾಲೆಯ ಹಜಾರದಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ. ಜಮಖಾನದ ಮೇಲೆ ಊರಿನ ವಕೀಲರು, ಮಾಸ್ತರರು, ವೀಳ್ಯದೆಲೆಯ ವ್ಯಾಪಾರದ ಒಂದಿಬ್ಬರು ಸಾಹುಕಾರರು ಕೂತಿದ್ದರು. ಮುಂದಿನ ಸಾಲಿನಲ್ಲಿ ಶಾಸ್ತ್ರಿಗಳ ಕೆಂಪು ಪೇಟ. ನಾನು ಎದ್ದು ನಿಂತು ಓದತೊಡಗಿದೆ. ಚೆನ್ನಾಗಿ ಓದುತ್ತಿದ್ದೆ ಎಂದೇ ನನ್ನ ನೆನಪು. ಚಿಪ್ಪಿನ ಪ್ರಸಂಗಕ್ಕೆ ಬಂದಾಗ ನನ್ನ ಎಡಕ್ಕಿದ್ದ ಕಿಟಕಿಯ ಪರದೆಯನ್ನು ಯಾರೋ ಇಳಿಬಿಡುತ್ತಿದ್ದಾರೆ ಎನ್ನಿಸಿತು. ಕರೀ ಪರದೆ. ಮೆಲ್ಲಗೆ ಇಳಿಯುತ್ತಿತ್ತು. ಅದರ ನೆರಳು ಕಾಗದದ ಮೇಲೆ ಬಿದ್ದು ಸಾಲುಗಳ ಮೊದಲ ಶಬ್ದಗಳು ಕಾಣದಾದವು. ಓದುವುದನ್ನು ನಿಲ್ಲಿಸಿ, “ಆ ಪರದೆ ಯಾರರ ಸ್ವಲ್ಪ ಮ್ಯಾಲೆ ಎತ್ತರಿ,” ಎಂದೆ.

ಸಭೆಯಲ್ಲಿ ನಗೆ ಎದ್ದಿತು. ಮಾಯೆಯ ಪರದೆಯನ್ನು ಕುರಿತು ನಾನು ಚಮತ್ಕಾರ ಮಾಡಿದೆನೆಂದು ಅವರು ತಿಳಿದರು. ಒಬ್ಬ ವಕೀಲರು ಚಪ್ಪಾಳೆಯನ್ನೂ ತಟ್ಟಿದರು. ನಾನು ಕಿಟಕಿಯ ಕಡೆ ತಿರುಗಿದೆ. ಅಲ್ಲಿ ಪರದೆ ಇರಲಿಲ್ಲ. ಕಿಟಕಿಯೂ ಇರಲಿಲ್ಲ, ಬರೀ ಗೋಡೆ ಇತ್ತು. ನಗದೆ ಇದ್ದವರು ಶಾಸ್ತ್ರಿಗಳೊಬ್ಬರೇ. ಅವರು ಎದ್ದು ಬಂದು ನನ್ನ ತೋಳು ಹಿಡಿದು, ಕಾಗದಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಮಾಸ್ತರರಿಗೆ ಮೈ ಸರಿಯಿಲ್ಲ ಎಂದು ಸಭೆಗೆ ಹೇಳಿದರು. ನನ್ನ ಪ್ರಬಂಧದ ಉಳಿದ ಭಾಗವನ್ನು ಯಾರೂ ಕೇಳಲಿಲ್ಲ. ಕೇಳಿಸಬೇಕೆಂದು ನನಗೂ ಆಮೇಲೆ ಎಂದೂ ಅನ್ನಿಸಿಲ್ಲ.

ಶಾಸ್ತ್ರಿಗಳು ನನ್ನನ್ನು ಶಿಗ್ಗಾಂವಿಯವರೆಗೆ ಕರೆತಂದು ಮಾವನ ಮನೆಯ ಬಾಗಿಲಿಗೆ ಮುಟ್ಟಿಸಿದರು. ನೀಲವ್ವ ನಡೆದದ್ದನ್ನು ಕೇಳಿದವಳು ಅಳಲಿಲ್ಲ, ಬೈಯಲಿಲ್ಲ. ಮಗಳನ್ನು ತನ್ನ ತಾಯಿಯ ಮಡಿಲಿಗೆ ಹಾಕಿ, ಉಟ್ಟ ಸೀರೆಯಲ್ಲೇ ನನ್ನನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸಿದಳು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರರು ವಯಸ್ಸಾದವರು, ಮೆಲುದನಿಯವರು. ಕಣ್ಣಿಗೆ ಔಷಧ ಹಾಕಿ, ಬಹಳ ಹೊತ್ತು ನೋಡಿ, ನಮ್ಮಿಬ್ಬರಿಗೂ ತಿಳಿಯುವಂತೆ ಹೇಳಿದರು. ಕಣ್ಣಿನ ಒಳಗೋಡೆಗೆ ಒಂದು ತೆಳ್ಳನೆಯ ಪದರ ಅಂಟಿಕೊಂಡಿರುತ್ತದೆ. ದಪ್ಪ ಚಾಳೀಸು ಹಾಕುವವರಲ್ಲಿ ಅದು ಇನ್ನೂ ತೆಳ್ಳಗೆ. ಹಳೆಯ ಗೋಡೆಯ ಸುಣ್ಣ ಹಕ್ಕಳೆ ಏಳುವಂತೆ ಅದು ನನ್ನಲ್ಲಿ ಎದ್ದು ಬಿಚ್ಚಿಕೊಂಡಿದೆ. ಕೈಯೋ ಕಾಲೋ ಹರಿದರೆ ನೋವಾಗುತ್ತದೆ, ಮನುಷ್ಯ ಕೂಗಿಕೊಳ್ಳುತ್ತಾನೆ. ಈ ಪದರಕ್ಕೆ ನೋವು ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೆಳಕು ಒಂದೇ. ಹರಿಯುವಾಗ ಅದು ಬೆಳಕಿನಲ್ಲೇ ಕೂಗುತ್ತದೆ. ಎಷ್ಟು ದಿನದಿಂದ ಬೆಳಕು ಕಾಣುತ್ತಿತ್ತು ಎಂದು ಕೇಳಿದರು. ಹೇಳಿದೆ. ಅಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು.

“ಅದಕ್ಕೊಂದು ಹೆಸರು ಹುಡುಕಾಕತ್ತಿದ್ರು, ಸಾಹೇಬ್ರ,” ಎಂದಳು ನೀಲವ್ವ.

ಡಾಕ್ಟರರು ಅವಳ ಮುಖ ನೋಡಿದರು. ಚೇಷ್ಟೆಯೇನೋ ಎಂದು ತಿಳಿದಿರಬೇಕು. ಆ ಮುಖದಲ್ಲಿ ಅಂಥದೇನೂ ಇರಲಿಲ್ಲವಾದ್ದರಿಂದ ತಮ್ಮ ಕಾಗದ ಎಳೆದುಕೊಂಡು ಮುಂಬಯಿಯ ಆಸ್ಪತ್ರೆಯೊಂದಕ್ಕೆ ಚೀಟಿ ಬರೆಯತೊಡಗಿದರು.

ಮುಂಬಯಿಯಲ್ಲಿ ನಾನು ಕಂಡದ್ದು ಕಡಿಮೆ. ಶಸ್ತ್ರಕ್ರಿಯೆಯಾದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು, ಅಂಗಾತ ಮಲಗಿಸಿದರು. ವಾರಗಟ್ಟಲೆ ಹಾಗೆಯೇ. ಕೆಮ್ಮಬಾರದು, ಸೀನಬಾರದು, ನಗಬಾರದು. ಮೂರನೆಯದು ಕಷ್ಟವಾಗಲಿಲ್ಲ. ನೀಲವ್ವ ಚಮಚದಿಂದ ಗಂಜಿ ಹಾಕುತ್ತಿದ್ದಳು. ನನ್ನ ಜೀವನದಲ್ಲಿ ಮೊದಲ ಬಾರಿಗೆ ಉಪ್ಪು ಕಡಿಮೆಯಾದದ್ದು ಗೊತ್ತಾಯಿತು. ಒಂದು ಬೆಳಿಗ್ಗೆ ನರ್ಸಬಾಯಿ ನೆಲ ಒರೆಸುವವಳನ್ನು ಮರಾಠಿಯಲ್ಲಿ ಗದರಿಸುತ್ತಿದ್ದಳು. ದೊಡ್ಡ ಡಾಕ್ಟರರು ಬರುವ ಹೊತ್ತಾಯಿತು, “ಫರಶಿ ಅಗದಿ ಚಕಚಕೀತ ಪಾಹಿಜೆ,” ಎಂದಳು, ನೆಲ ಥಳಥಳ ಹೊಳೆಯಬೇಕು ಎಂದು. ಪಟ್ಟಿಯ ಹಿಂದೆ ನನ್ನ ಎರಡೂ ಕಣ್ಣುಗಳು ಅರಳಿದವು. ಚಕಚಕೀತ! ಶಾಸ್ತ್ರಿಗಳು ಹೇಳಿದ ಬರಿಮೈಯ ಚಕಚಕ ಮರಾಠಿಯಲ್ಲಿ ಅಂಗಿ ಹಾಕಿಕೊಂಡು ಆಸ್ಪತ್ರೆಯ ನೆಲದ ಮೇಲೆ ಓಡಾಡುತ್ತಿದ್ದಾನೆ. ಇದನ್ನು ಮರೆಯದಂತೆ ಎಲ್ಲಿಯಾದರೂ ಗುರುತು ಹಾಕಿಕೊಳ್ಳಬೇಕೆಂದು ನಾನು ತಲೆ ಎತ್ತಿದೆ. ನಾಲ್ಕು ಕೈಗಳು ನನ್ನ ತಲೆಯನ್ನು ಹಿಡಿದು ದಿಂಬಿಗೆ ಒತ್ತಿದವು. ಎರಡು ನರ್ಸಬಾಯಿಯವು, ಎರಡು ನೀಲವ್ವನವು. ನರ್ಸಬಾಯಿ ಕೈ ತೆಗೆದ ಮೇಲೂ ನೀಲವ್ವ ಬಹಳ ಹೊತ್ತು ತೆಗೆಯಲಿಲ್ಲ. ಅವಳು ಅಳುತ್ತಿದ್ದಾಳೋ ಇಲ್ಲವೋ ನೋಡಲು ನನಗೆ ಕಣ್ಣಿರಲಿಲ್ಲ, ಕೇಳಲು ಬಾಯಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ದೊಡ್ಡ ಡಾಕ್ಟರರು ಬಲಗಣ್ಣು ಮುಚ್ಚಿಸಿ, ಎಡಗಣ್ಣಿಗೆ ಬ್ಯಾಟರಿ ಹಿಡಿದು ಏನು ಕಾಣುತ್ತದೆ ಎಂದು ಕೇಳಿದರು. ಬ್ಯಾಟರಿ ಹಿಡಿದಿದ್ದಾರೆ ಎಂಬುದು ಗುಂಡಿ ಒತ್ತಿದ ಸದ್ದಿನಿಂದ ಗೊತ್ತಾಯಿತೇ ಹೊರತು ಬೆಳಕಿನಿಂದಲ್ಲ. ಇನ್ನೂ ಬೇಗ ಬಂದಿದ್ದರೆ ಎಂದು ಅವರು ಶುರು ಮಾಡಿ, ಮುಂದಿನ ಮಾತನ್ನು ನುಂಗಿಕೊಂಡರು. ಬಲಗಣ್ಣಿನ ಪದರವೂ ತೆಳ್ಳಗಿದೆ, ಅದರಲ್ಲಿ ಎಂದಾದರೂ ಬೆಳಕು ಮಿಂಚಿದರೆ ಒಂದು ದಿನವೂ ತಡಮಾಡದೆ ಬರಬೇಕು ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಹಾನಗಲ್ಲಿಗೆ ಬಂದಾಗ ಶಾಸ್ತ್ರಿಗಳು ಅಷ್ಟು ದಿನವೂ ನನ್ನ ಕನ್ನಡ ತಾಸುಗಳನ್ನು ತಾವೇ ತೆಗೆದುಕೊಂಡಿದ್ದಾರೆಂದು ತಿಳಿಯಿತು. ಮುಖ್ಯಾಧ್ಯಾಪಕರು ಬೇರೆ ಯಾರಿಗಾದರೂ ಹಚ್ಚುತ್ತೇನೆ ಎಂದರೂ ಬಿಟ್ಟಿರಲಿಲ್ಲವಂತೆ. ಸಂಜೆ ಮನೆಗೆ ಬಂದರು. ನೀಲವ್ವ ಕೊಟ್ಟ ಚಹದ ಬಟ್ಟಲನ್ನು ಕೈಯಲ್ಲಿ ಹಿಡಿದು ಆರಿಹೋಗುವವರೆಗೂ ಕೂತಿದ್ದರು. ನಾನು ಹಗುರಾಗಲೆಂದು, ನಿಮ್ಮ ಶಾಸ್ತ್ರವೇ ಗೆದ್ದಿತು, ದೋಷ ಮೊದಲು ಎಂದು ಹೇಳಿದ್ದಿರಿ ಎಂದೆ. ಅವರು ನನ್ನ ಎಡಗಣ್ಣನ್ನು ನೋಡಿ, ಕೂಡಲೇ ಬಲಗಣ್ಣಿನ ಕಡೆಗೆ ದೃಷ್ಟಿ ಸರಿಸಿದರು.

“ನಾ ಹೇಳಿದ್ದು ಖರೇನ. ಆದರ ಗೆಳೆಯನಾಗಿ ಹೇಳಬೇಕಾಗಿತ್ತು, ಪಂಡಿತನಾಗಿ ಹೇಳಿದೆ,” ಎಂದರು.

ನಾನು ಅವರ ಮೇಲೆ ಎಂದೂ ತಪ್ಪು ಹೊರಿಸಿದವನಲ್ಲ. ಹೊರಿಸಿದ್ದರೆ ಅವರಿಗೆ ನೆಮ್ಮದಿಯಾದರೂ ಆಗುತ್ತಿತ್ತೇನೋ. ಅವರು ಆ ವರ್ಷವೇ ಪಿಂಚಣಿ ತೆಗೆದುಕೊಂಡು ಮಗನ ಊರಿಗೆ ಹೋದರು, ಒಂದೆರಡು ವರ್ಷಗಳಲ್ಲಿ ತೀರಿಕೊಂಡರು. ಚಾಕಚಕ್ಯದ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಆ ಶಬ್ದದ ಬಗ್ಗೆ ವಾದ ಮಾಡುವಷ್ಟು ಗೊತ್ತಿದ್ದವರು ನಮ್ಮ ತಾಲೂಕಿನಲ್ಲಿ ಇಬ್ಬರೇ ಇದ್ದೆವು. ಒಬ್ಬರು ಹೋದರು, ಇನ್ನೊಬ್ಬನಿಗೆ ವಾದ ಬೇಡವಾಯಿತು.

ಮುಂದೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿ ಶುರುವಾದದ್ದು ನನ್ನ ಹೊಸ ಸಂಸಾರ, ಹೆದರಿಕೆಯೊಡನೆ. ಬಲಗಣ್ಣಿನಲ್ಲಿ ಬೆಳಕು ಮಿಂಚಿದರೆ ಎಂಬ ಹೆದರಿಕೆ. ಈ ಜಗತ್ತಿನಲ್ಲಿ ಹೊಳೆಯುವ ವಸ್ತುಗಳು ಎಷ್ಟಿವೆ ಎಂಬುದು ಕವಿಗಳಿಗೂ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು. ನೀಲವ್ವನ ಮೂಗಿನ ಹರಳು, ಹೊಸ ಸ್ಟೀಲಿನ ತಾಟು, ಸೈಕಲ್ಲಿನ ಗಾಲಿಯ ತಂತಿ, ಹತ್ತಿಯ ಪೇಟೆಯಲ್ಲಿ ದಲಾಲಿಗಳ ಬೆರಳಿನ ಉಂಗುರ, ಎಲ್ಲವೂ ನನ್ನ ಎದೆಯನ್ನು ಧಸಕ್ಕೆನ್ನಿಸುತ್ತಿದ್ದವು. ಮೂಗಿನ ಹರಳನ್ನು ನೀಲವ್ವ ನಾನು ಹೇಳುವ ಮೊದಲೇ ತೆಗೆದಿಟ್ಟಳು. ದೀಪಾವಳಿಯಲ್ಲಿ ಮಗಳು ಸುರುಸುರು ಬತ್ತಿ ಹಚ್ಚಬೇಕಾದರೆ ನೆರೆಮನೆಗೆ ಹೋಗುತ್ತಿದ್ದಳು. ಹಂಸಭಾವಿಯ ಒಂದು ಮದುವೆಯಲ್ಲಿ ಫೋಟೋ ತೆಗೆಯುವವನು ದೀಪ ಫಳ್ಳೆನ್ನಿಸಿದಾಗ ಅಕ್ಷತೆಯನ್ನು ವಧೂವರರ ಬದಲು ಭಟ್ಟರ ಮೇಲೆ ಎಸೆದು ಹೊರಗೆ ಓಡಿಬಂದಿದ್ದೆ. ಕಣ್ಣು ಮುಚ್ಚಿ ನೋಡಿದರೆ ಹೊಳಪು ಒಳಗಿನದೋ ಹೊರಗಿನದೋ ಗೊತ್ತಾಗುತ್ತದೆ ಎಂದು ಡಾಕ್ಟರರು ಹೇಳಿದ್ದರು, ನಿಜ. ಆದರೆ ವಾರಗಟ್ಟಲೆ ಪಟ್ಟಿಯ ಹಿಂದೆ ಮಲಗಿದ್ದವನು ಕಣ್ಣು ಮುಚ್ಚಿದರೆ ಕತ್ತಲೆಯಲ್ಲಿ ಏನೇನೋ ಕಾಣುತ್ತದೆ. ಅದರಲ್ಲಿ ಹೊಸದು ಯಾವುದು, ನೆನಪು ಯಾವುದು ಎಂದು ನನಗೆ ಬಗೆಹರಿಯುತ್ತಿರಲಿಲ್ಲ.

ಹೀಗಾಗಿ ನಾನು ಒಂದು ಉಪಾಯ ಮಾಡಿಕೊಂಡೆ. ಹೊಳೆದದ್ದು ಕಂಡಾಗಲೆಲ್ಲ ನೀಲವ್ವನನ್ನು ಕೇಳುವುದು. ಅವಳಿಗೂ ಕಂಡರೆ ಅದು ಜಗತ್ತಿನದು, ಕಾಣದಿದ್ದರೆ ನನ್ನ ಕಣ್ಣಿನದು. ದಿನಾ ಸಂಜೆ ನಾವಿಬ್ಬರೂ ಊರ ಕೆರೆಯ ಏರಿಯ ಮೇಲೆ ತಿರುಗಾಡಲು ಹೋಗುತ್ತಿದ್ದೆವು. ನೀರಿನ ಮೇಲೆ ಬಿಸಿಲು ಆಡುತ್ತಿತ್ತು. ನಾನು ನಿಲ್ಲುತ್ತಿದ್ದೆ. ಅಲ್ಲಿ ಹೊಳೆಯುತ್ತಿದೆಯಲ್ಲ, ನಿನಗೂ ಕಾಣುತ್ತದೆಯೇ ಎಂದು ಕೇಳುತ್ತಿದ್ದೆ. “ಕಾಣತೈತ್ರಿ,” ಎನ್ನುತ್ತಿದ್ದಳು, ನನ್ನ ಮಾತು ಮುಗಿಯುವ ಮೊದಲೇ. ನಾನು ಉಸಿರು ಬಿಟ್ಟು ಮುಂದೆ ನಡೆಯುತ್ತಿದ್ದೆ. ವರ್ಷಗಳು ಹೀಗೆ ಹೋದವು. ಬೆಳಕನ್ನು ನೋಡಿ ವರ್ಣಿಸಬೇಕಾದ ಕನ್ನಡ ಮಾಸ್ತರನೊಬ್ಬ, ಬೆಳಕು ಇದೆಯೋ ಇಲ್ಲವೋ ಎಂಬುದನ್ನೇ ಹೆಂಡತಿಯಿಂದ ಖಾತ್ರಿ ಮಾಡಿಸಿಕೊಂಡು ಬದುಕಿದ.

ಒಮ್ಮೆ ಬೇಸಿಗೆಯ ರಜೆಯಲ್ಲಿ ಶಿಗ್ಗಾಂವಿಗೆ ಹೋಗಿದ್ದೆವು. ಅಲ್ಲಿ ದಾನಿಗಳು ಯಾರೋ ಕಣ್ಣಿನ ಶಿಬಿರ ಹಾಕಿಸಿದ್ದರು. ನನ್ನ ಬಲಗಣ್ಣು ತೋರಿಸಿಕೊಳ್ಳೋಣವೆಂದು ನೀಲವ್ವನನ್ನು ಕರೆದುಕೊಂಡು ಹೋದೆ. ತರುಣ ಡಾಕ್ಟರೊಬ್ಬರು ನೋಡಿ, ಕಣ್ಣು ಚೆನ್ನಾಗಿದೆ, ಚಿಂತೆ ಬೇಡ ಎಂದರು. ನಾನು ಸಂತೋಷದಿಂದ ಎದ್ದೆ. ಡಾಕ್ಟರರು ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಹಿಂದೆ ಬರುತ್ತಿದ್ದ ನೀಲವ್ವ ಮೆಟ್ಟಿಲನ್ನು ಪಾದದಿಂದ ತಡವರಿಸಿ ಹುಡುಕುವುದನ್ನು ನೋಡುತ್ತಿದ್ದರು. ಅವಳನ್ನು ಕರೆದು ಕುರ್ಚಿಯ ಮೇಲೆ ಕೂಡಿಸಿದರು. ಎರಡೂ ಕಣ್ಣಿನಲ್ಲಿ ಪೊರೆ ಬೆಳೆದು ಬಲಿತಿತ್ತು. ಎಷ್ಟು ದಿನದಿಂದ ಕಾಣುತ್ತಿಲ್ಲ ಎಂದು ಕೇಳಿದರು. ಎರಡು ವರ್ಷವಾಗಿರಬೇಕು, ಹತ್ತಿರದ್ದು ಮಬ್ಬು ಮಬ್ಬಾಗಿ ಕಾಣುತ್ತದೆ, ದೂರದ್ದು ಏನೂ ಇಲ್ಲ ಎಂದು ಅವಳು ಮಂದಿಯ ವಿಷಯ ಹೇಳಿದಂತೆ ಹೇಳಿದಳು.

ಎರಡು ವರ್ಷದಿಂದ ಅನ್ನದಲ್ಲಿ ಹರಳು ಬರುತ್ತಿದ್ದವು. ನಾನು ಗೊಣಗುತ್ತಿದ್ದೆ. ಸೂಜಿಗೆ ದಾರ ಪೋಣಿಸಲು ಅವಳು ಮಗಳನ್ನು ಕರೆಯುತ್ತಿದ್ದಳು. ಸೋಮಾರಿತನ ಎಂದಿದ್ದೆ. ಹೊರಗೆ ಬಂದು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಾಗ ನನಗೆ ಮೊದಲು ಹೊಳೆದದ್ದು ಇದಾವುದೂ ಅಲ್ಲ, ಕೆರೆ. ಅದನ್ನು ಹೇಳಲು ಈಗಲೂ ಹೇಸಿಕೆ.

“ಮತ್ತ ದಿನಾ ಕೆರಿ ಮ್ಯಾಲೆ ಕಾಣತೈತಿ ಅಂತಿದ್ದೆಲ್ಲ?”

“ಇಲ್ಲ ಅಂದಿದ್ರ ನಿಮಗ ನಿದ್ದಿ ಬರತಿತ್ತೇನ್ರಿ?”

“ಖರೇನ ನನ್ನ ಕಣ್ಣಾಗ ಮಿಂಚಿದ್ದಿದ್ರ?”

“ಹಂಗ ಆಗಿದ್ರ ನಿಮ್ಮ ದನಿ ಬ್ಯಾರೆ ಇರತಿತ್ತು. ನಾ ನಿಮ್ಮ ದನಿ ಕೇಳಿ ಹೇಳತಿದ್ದೆ,” ಎಂದಳು.

ಎರಡು ವರ್ಷ ನನ್ನ ಉಳಿದೊಂದು ಕಣ್ಣು ಕಾಣದವಳೊಬ್ಬಳ ಕಿವಿಯ ಆಧಾರದ ಮೇಲೆ ನಡೆದಿತ್ತು. ಸಿಟ್ಟು ಮಾಡಬೇಕೆಂದುಕೊಂಡೆ. ಯಾರ ಮೇಲೆ ಎಂಬುದು ಗೊತ್ತಾಗದೆ ಅವಳ ಕೈ ಹಿಡಿದು ಕೂತೆ. ತವರಿನ ಊರಿನಲ್ಲಿ, ಮಂದಿಯ ಎದುರಿಗೆ, ಅವಳು ಬಿಡಿಸಿಕೊಳ್ಳಲಿಲ್ಲ.

ಶಿಬಿರದಲ್ಲೇ ಅವಳ ಪೊರೆ ತೆಗೆದರು, ಮೊದಲು ಒಂದು ಕಣ್ಣಿನದು, ಮುಂದಿನ ವರ್ಷ ಇನ್ನೊಂದರದು. ಈಗ ಅವಳ ಚಾಳೀಸು ನನ್ನದಕ್ಕಿಂತ ದಪ್ಪ. ಅನ್ನದಲ್ಲಿ ಹರಳಿಲ್ಲ. ಮೂಲೆಯ ಜೇಡದ ಬಲೆಗಳೂ ನನ್ನ ಅಂಗಿಯ ಕೊರಳಿನ ಕೊಳೆಯೂ ಅವಳಿಗೆ ಒಂದೊಂದಾಗಿ ಕಾಣತೊಡಗಿವೆ. ಸಂಜೆ ನಾವು ಈಗಲೂ ಕೆರೆಯ ಏರಿಯ ಮೇಲೆ ಹೋಗುತ್ತೇವೆ. ಹಳೆಯ ರೂಢಿ ಬಿಟ್ಟಿಲ್ಲ. ನೀರಿನ ಮೇಲೆ ಏನಾದರೂ ಹೊಳೆದರೆ ನಿಂತು ಕೇಳುತ್ತೇನೆ. ಮೊದಲಿನಂತೆ ಉತ್ತರ ತಟ್ಟನೆ ಬರುವುದಿಲ್ಲ. ತಡೀರಿ ಎನ್ನುತ್ತಾಳೆ. ಚಾಳೀಸು ತೆಗೆದು, ಸೆರಗಿನಿಂದ ಎರಡೂ ಗಾಜು ಒರೆಸಿ, ಕಿವಿಗೆ ಏರಿಸಿ, ಹಣೆಗೆ ಕೈ ಅಡ್ಡ ಹಿಡಿದು, ಎಲ್ಲಿ, ಯಾವ ಕಡೆ, ಆ ಗಿಡದಿಂದ ಆಚೆಗೋ ಈಚೆಗೋ ಎಂದು ವಿಚಾರಿಸಿ, ಪ್ರಾಮಾಣಿಕಳಾಗಿ ನೋಡುತ್ತಾಳೆ. ಅವಳು ಬಾಯಿ ತೆರೆಯುವವರೆಗೆ ನಾನು ಏರಿಯ ಮೇಲೆ ಬಲಗಣ್ಣನ್ನು ಅಂಗೈಯಲ್ಲಿ ಹಿಡಿದವನಂತೆ ನಿಂತಿರುತ್ತೇನೆ. ನಿಜ ಹೇಳುತ್ತೇನೆ, ಅವಳು ಸುಳ್ಳು ಹೇಳುತ್ತಿದ್ದ ಎರಡು ವರ್ಷ ನಾನು ಬಹಳ ಸುಖವಾಗಿದ್ದೆ.